ಮೈದಾನದಲ್ಲಿ ಬಾಸ್ ಕ್ಲಾರಿನೆಟ್: ಮೂರು ಸೀಸನ್ ಊದಿದ ಮೇಲೆ ಮೌತ್‌ಪೀಸ್ ಲೆಕ್ಕ

ಬಳಸಿದ್ದು: ಯಮಾಹಾ ವೈಸಿಎಲ್-221 ಬಾಸ್ ಕ್ಲಾರಿನೆಟ್ (ಪ್ಲಾಸ್ಟಿಕ್ ಮೈ, ಕೆಳಗೆ ಇ-ಫ್ಲಾಟ್‌ವರೆಗೆ), ಅದರ ಜೊತೆಗೇ ಬರುವ 4ಸಿ ಮೌತ್‌ಪೀಸ್ (ಬಾಯಿಗಿಡುವ ತುಂಡು), ಲೆಜೇರ್ ಸಿಂಥೆಟಿಕ್ ರೀಡ್ 2.5 (ಊದಿದಾಗ ಅದುರುವ ಪಟ್ಟಿ, ನಂಬರ್ ಅದರ ಗಟ್ಟಿತನ), ರೀಡ್ ಬಿಗಿಯುವ ಬಟ್ಟೆಯ ಲಿಗೇಚರ್, ಎರಡೂ ಹೆಗಲಿಗೆ ಹಾಕುವ ಹಾರ್ನೆಸ್. ಜಾಗ ಟೆಕ್ಸಸ್‌ನ ಹೈಸ್ಕೂಲ್ ಮಾರ್ಚಿಂಗ್ ಬ್ಯಾಂಡ್ (ಮೈದಾನದಲ್ಲಿ ನಡೆಯುತ್ತ ನುಡಿಸುವ ತಂಡ). ಆಗಸ್ಟ್ ಕ್ಯಾಂಪಿನಿಂದ ನವೆಂಬರ್‌ವರೆಗೆ. ಡಲ್ಲಾಸ್, ಆಸ್ಟಿನ್ ಕಡೆಯ ಕನ್ನಡದ ಮನೆಗಳಲ್ಲೂ ಮಗು ಹೈಸ್ಕೂಲ್ ಸೇರುವ ಬೇಸಿಗೆಯಲ್ಲಿ "ಬೇರೆ ಮೌತ್‌ಪೀಸ್ ಬೇಕಾ?" ಅನ್ನುವ ಮಾತು ಬರುತ್ತದೆ. ಅವರಿಗೂ ಉಪಯೋಗವಾಗಲಿ.

ಜೋರಾಗಿ ಕೇಳಲಿ ಅಂತ ತುದಿ ಅಗಲವಿರುವ, ಅಂದರೆ ರೀಡಿನಿಂದ ತುದಿಗೆ ಸಂದು ಹೆಚ್ಚಿರುವ ಮೌತ್‌ಪೀಸ್ ಕೊಂಡರೆ ದುಡ್ಡು ದಂಡ. ಈ ವಾದ್ಯದ ಕೊನೆಯ ಇ-ಫ್ಲಾಟ್ ಕೇಳಿಸುವುದು ಸುಮಾರು 69 ಹರ್ಟ್ಸ್‌ನಲ್ಲಿ. ಅಷ್ಟು ಕೆಳಗಿನ ಸ್ವರಕ್ಕೆ ಮನುಷ್ಯನ ಕಿವಿಯೇ ಮಂದ, ಬಯಲಿನಲ್ಲಿ ನಾದವನ್ನು ಹಿಂದಕ್ಕೆ ಕಳಿಸುವ ಗೋಡೆಯಿಲ್ಲ, ಸಾಲದ್ದಕ್ಕೆ ಪಕ್ಕದಲ್ಲೇ ಸೂಸಾಫೋನ್ (ಮೈಗೆ ಸುತ್ತಿಕೊಳ್ಳುವ ದೊಡ್ಡ ಮಂದ್ರ ಕೊಂಬು) ಅದೇ ಸ್ವರ ಊದುತ್ತಿರುತ್ತದೆ. ರೀಡಿಗೂ ತುದಿಗೂ ನಡುವಿನ ಸಂದನ್ನು ಮಿಲಿಮೀಟರಿನ ಹತ್ತರಲ್ಲೊಂದು ಪಾಲು ಹಿಗ್ಗಿಸಿದರೆ ಇದ್ಯಾವುದೂ ಬದಲಾಗುವುದಿಲ್ಲ.

ಬದಲಾಗುವುದು ದವಡೆಯ ಕೆಲಸ. ಬ್ಯಾಂಡಿನ ನಡಿಗೆ ಎಂಟು ಹೆಜ್ಜೆಗೆ ಐದು ಗಜ, ಅಂದರೆ ಹೆಜ್ಜೆಗೆ ಸುಮಾರು 57 ಸೆಂ.ಮೀ. ಹಿಮ್ಮಡಿ ನೆಲಕ್ಕೆ ಬಿದ್ದಾಗಲೆಲ್ಲ ಆ ಪೆಟ್ಟು ಹಲ್ಲಿನವರೆಗೆ ಬರುತ್ತದೆ. ತುದಿ ಅಗಲವಿದ್ದಷ್ಟೂ ತುಟಿ ಹೆಚ್ಚು ಹಿಡಿದಿಡಬೇಕು. ಹಿಡಿತ ಒಂದು ಕ್ಷಣ ತಪ್ಪಿದರೆ ಪಿಚ್ ಜಾರುತ್ತದೆ, ಇಲ್ಲವೇ ಮೇಲಿನ ರಿಜಿಸ್ಟರಿನಲ್ಲಿ (ಸ್ವರಗಳ ಮೇಲಿನ ಗುಂಪಿನಲ್ಲಿ) ಕೀಚಲು. ವ್ಯಾಂಡೊರೆನ್ ಬಿ50 ಥರದ ಅಗಲ ತುದಿಯವು ಕುರ್ಚಿಯಲ್ಲಿ ಕೂತು ಊದುವವರಿಗೆ ಸೊಗಸು, ನಡೆಯುವವರಿಗಲ್ಲ. ಮಧ್ಯಮ ತುದಿಗೆ ಒಂದು ಮಿತಿ ಇದೆ: ಇಡೀ ಉಸಿರು ಸುರಿದರೂ ಫೋರ್ಟಿಸ್ಸಿಮೊ (ಅತಿ ಜೋರು ನಾದ) ಒಂದು ಹಂತದಲ್ಲಿ ನಿಂತುಬಿಡುತ್ತದೆ. ಮೈದಾನಕ್ಕೆ ಅದು ಒಪ್ಪಬಹುದಾದ ನಷ್ಟ.

ಕೊಳ್ಳುವ ಮುಂಚೆ ಅಂಗಡಿಯಲ್ಲೇ ಹೀಗೆ ಪರೀಕ್ಷಿಸಿ. ಮೌತ್‌ಪೀಸಿಗೆ ರೀಡ್ ಕಟ್ಟಿ, ಕೆಳತುದಿಯನ್ನು ಅಂಗೈಯಿಂದ ಮುಚ್ಚಿ, ಗಾಳಿ ಹೀರಿ ಬಾಯಿ ತೆಗೆಯಿರಿ. ಒಂದು ಕ್ಷಣ ತಡೆದು 'ಟಪ್' ಅಂದರೆ ರೀಡ್ ಸರಿ ಕೂತಿದೆ. ಆಮೇಲೆ ಕೆಳಗಿನ ಜಿ ಊದುತ್ತ, ನಾಲಗೆ ತಾಕಿಸದೆ ಸ್ವರವನ್ನು ಮೇಲಿನ ಗುಂಪಿಗೆ ಜಿಗಿಸುವ ರಿಜಿಸ್ಟರ್ ಕೀ ಮಾತ್ರ ಒತ್ತಿ ಮೇಲಿನ ಡಿಗೆ ಹೋಗಿ. ಕೊನೆಗೆ ಇದನ್ನೇ ಮೆಟ್ರೊನೋಮಿನ ನಿಮಿಷಕ್ಕೆ 140 ತಾಳಕ್ಕೆ ನಿಂತಲ್ಲೇ ಹೆಜ್ಜೆ ಹಾಕುತ್ತ ಮಾಡಿ. ಅಂಗಡಿಯವರು ನಕ್ಕರೆ ನಗಲಿ. ಕೂತಾಗ ಒಲಿದು ನಿಂತಾಗ ಕೈಕೊಡುವ ಮೌತ್‌ಪೀಸ್‌ಗಳು ಸಿಕ್ಕಿಬೀಳುವುದೇ ಇಲ್ಲಿ.

ಎಷ್ಟೋ ಸಲ ಮೌತ್‌ಪೀಸ್ ಮೇಲೆ ಬರುವ ದೂರಿಗೆ ಕಾರಣ ಬ್ರಿಡ್ಜ್ ಕೀ, ಅಂದರೆ ಎರಡು ತುಂಡುಗಳ ಕೀಗಳನ್ನು ಬೆಸೆಯುವ ಸನ್ನೆ. ಮೇಲಿನ ಕೆಳಗಿನ ತುಂಡು ಜೋಡಿಸುವಾಗ ಬ್ರಿಡ್ಜ್ ಎತ್ತಿಕೊಳ್ಳದೆ ತಿರುಗಿಸಿದರೆ ಅದು ಬಾಗುತ್ತದೆ. ತೂತು ಮುಚ್ಚುವ ಪ್ಯಾಡ್ ಕೂದಲೆಳೆಯಷ್ಟು ಎದ್ದರೂ ಕೆಳಗಿನ ಸ್ವರಗಳು ಬಾಯಿ ಬಿಡುವುದಿಲ್ಲ. ಆಗ ಯಾವ ಮೌತ್‌ಪೀಸ್ ಹಾಕಿದರೂ ಅಷ್ಟೇ.

ಹಾರ್ನೆಸ್ ಎತ್ತರವೂ ಮುಖ್ಯ. ಮೌತ್‌ಪೀಸ್ ತಾನಾಗಿ ಬಾಯಿಗೆ ಬರಬೇಕು, ಕತ್ತು ಕೆಳಗಿಳಿಯಬಾರದು. ನೆಲಕ್ಕೆ ಊರುವ ಪೆಗ್ ಬಿಚ್ಚಿಡಿ, ಬೆಲ್ (ವಾದ್ಯದ ಕೆಳಗಿನ ಅಗಲ ಬಾಯಿ) ಬಲಕ್ಕೆ ಸರಿಸಿ. ಕುಳ್ಳಗಿನ ಮಕ್ಕಳ ಮೊಣಕಾಲು ಬೆಲ್ಲಿಗೆ ಬಡಿದ ಪೆಟ್ಟು ನೇರ ಹಲ್ಲಿಗೇ. ಮೌತ್‌ಪೀಸಿನ ಮೇಲೆ ಹಲ್ಲು ಕೂರುವಲ್ಲಿ 0.8 ಮಿ.ಮೀ. ರಬ್ಬರ್ ಪ್ಯಾಚ್ ಅಂಟಿಸಿದರೆ ಹಲ್ಲು ಜಾರುವುದಿಲ್ಲ. ಬಿಸಿಲಿಗೆ ಅಂಟು ಬಿಡುತ್ತದೆ, ಸೀಸನ್ನಿಗೆ ಮೂರಾದರೂ ಬೇಕು.

ಬಿಸಿಲಿನದೇ ಬೇರೆ ಕಥೆ. ಗಾಳಿ ಒಂದು ಡಿಗ್ರಿ ಏರಿದರೆ ಪಿಚ್ ಸುಮಾರು 3 ಸೆಂಟ್ (ಅರ್ಧಸ್ವರದ ನೂರರಲ್ಲಿ ಮೂರು ಪಾಲು) ಏರುತ್ತದೆ. ಕೊಳವೆಯೊಳಗೆ ಉಸಿರಿನ ಬಿಸಿ ಹೇಗೂ ಇರುವುದರಿಂದ ಪೂರ್ತಿ ಅಷ್ಟಾಗುವುದಿಲ್ಲ. ನೆಕ್, ಅಂದರೆ ಮೌತ್‌ಪೀಸ್ ಕೂರುವ ಬಾಗಿದ ಕೊಳವೆಯನ್ನು 2-3 ಮಿ.ಮೀ. ಹೊರಗೆಳೆಯಿರಿ. ಅದಕ್ಕಿಂತ ಎಳೆದರೆ ಥ್ರೋಟ್ ಸ್ವರಗಳು (ಕೆಳಗಿನ ರಿಜಿಸ್ಟರಿನ ಕೊನೆಯ ಮೇಲಿನ ಸ್ವರಗಳು) ಉಳಿದವಕ್ಕಿಂತ ಹೆಚ್ಚು ಇಳಿದು ಹೊಸ ತಲೆನೋವು. ಬಿದಿರಿನಂಥ ಕೇನ್ ರೀಡ್ ಅಟೆನ್ಷನ್‌ನಲ್ಲಿ ನಿಂತಾಗಲೇ ಒಣಗಿ ತುದಿ ಅಲೆಅಲೆಯಾಗುತ್ತದೆ, ಅದಕ್ಕೇ ಸಿಂಥೆಟಿಕ್. ಅದೂ ಕಾವಿಗೆ ಮೆತ್ತಗಾಗುತ್ತದೆ. ಆಗಸ್ಟಿನಲ್ಲಿ ಕಾಲು ನಂಬರ್ ಗಟ್ಟಿಯದು ಹಾಕಿ ಅಕ್ಟೋಬರಿನಲ್ಲಿ ಹಿಂದಿನದಕ್ಕೆ ಮರಳಿದರೆ ಸರಿಹೋಗುತ್ತದೆ. ಹಾಲ್‌ನಲ್ಲಿ ಊದುವ ಎಬೊನೈಟ್ ಮೌತ್‌ಪೀಸ್ ಮೈದಾನಕ್ಕೆ ತರಲೇಬೇಡಿ. ಅದು ಗಂಧಕ ಬೆರೆತ ಗಟ್ಟಿ ರಬ್ಬರ್. ಬಿಸಿಲಿಗೆ ಹಸಿರು-ಕಂದಾಗಿ ಕೆಟ್ಟ ವಾಸನೆ ಹಿಡಿಯುತ್ತದೆ. ಬಿಸಿನೀರೂ ಅದಕ್ಕೆ ಆಗದು.

ಮೌತ್‌ಪೀಸ್ ಬದಲಿಸುವುದೇ ಆದರೆ ಟೆನನ್ ಕಾರ್ಕ್ (ನೆಕ್ ತುದಿಯಲ್ಲಿ ಮೌತ್‌ಪೀಸ್ ಕೂರುವ ಬೆಂಡಿನ ಸುತ್ತು) ನೋಡಿ. ಕಂಪನಿಯಿಂದ ಕಂಪನಿಗೆ ದಪ್ಪ ಬೇರೆ. ಬಿಗಿಯಾದರೆ ಒತ್ತಿ ತಿರುಚಬೇಡಿ, ನೆಕ್ಕಿನ ಬೆಸುಗೆ ಬಿಡುತ್ತದೆ. ನಯವಾದ ಉಪ್ಪುಕಾಗದದಿಂದ ಸುತ್ತಲೂ ಸಮನಾಗಿ ಉಜ್ಜಿ ಗ್ರೀಸ್ ಹಚ್ಚಿ.

ಯೂನಿಫಾರ್ಮ್ ಜೇಬಿನಲ್ಲಿ ಒಂದು ಟೆನರ್ ಸ್ಯಾಕ್ಸೊಫೋನ್ ರೀಡ್ ಇರಲಿ. ಅಳತೆ ಹತ್ತಿರಹತ್ತಿರ, ಬದಿಗೆ ಚೂರು ಚಾಚಿದರೂ ಹಾಫ್‌ಟೈಮ್ ಶೋ ಮುಗಿಯುವವರೆಗೆ ಊದಬಹುದು.