ಸೀರಿಯಲ್ ಮದುವೆಗೆ ಜನ ಬೇಕಂತೆ: ಜೂನಿಯರ್ ಆರ್ಟಿಸ್ಟ್ ಕೆಲಸ ಹೇಗಿದೆ?

ಜೂನಿಯರ್ ಆರ್ಟಿಸ್ಟ್ ಅಂದರೆ ಸೀನ್‌ನಲ್ಲಿ ಹಿಂದೆ ಗುಂಪಾಗಿ ಕಾಣುವವರು. ಆ ಕೆಲಸಕ್ಕೆ, ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಸ್ಟಾರ್. ಊಟಕ್ಕೆ ಒಂದು, ದಿನವಿಡೀ ಸಿಗುವ ತಮಾಷೆಗೆ ಒಂದು, ಜೊತೆಗೆ ಸಿಕ್ಕ ಹೆಂಗಸರಿಗೆ ಒಂದು. ಉಳಿದ ಎರಡು ಯಾಕೆ ಕೊಡಲಿಲ್ಲ ಅಂತ ಮುಂದೆ ಬರೆದಿದ್ದೇನೆ.

ನಾನು ಬೆಂಗಳೂರಿನ ಸುಂಕದಕಟ್ಟೆಯಲ್ಲಿ ಬ್ಲೌಸ್ ಹೊಲಿಯುವವಳು. ಆಷಾಢ ಬಂತು ಅಂದರೆ ಮದುವೆ ಇಲ್ಲ, ಮದುವೆ ಇಲ್ಲ ಅಂದರೆ ಬ್ಲೌಸ್ ಇಲ್ಲ. ಆ ಒಂದು ತಿಂಗಳು ಮಿಷನ್ ಮೇಲೆ ಬಟ್ಟೆ ಹೊದಿಸಿ ಕೂರಬೇಕು. ಸೀರೆಗೆ ಫಾಲ್ ಹಾಕಿಸಲು ಬರುವ ಅಕ್ಕ ಒಬ್ಬರು, "ಸೀರಿಯಲ್‌ಗೆ ಬರ್ತೀಯೇನೇ? ಸುಮ್ನೆ ಕೂತ್ಕೊಳ್ಳೋದು ಅಷ್ಟೇ" ಅಂದರು. ಹೋದರೆ ಅಲ್ಲಿ ಜೋರು ಮದುವೆ! ಊರಲ್ಲೆಲ್ಲೂ ಇಲ್ಲದ ಮದುವೆ ಅಲ್ಲಿ ಮಾತ್ರ ಹೇಗೆ ಅಂತ ಕೇಳಿದ್ದಕ್ಕೆ ಮ್ಯಾನೇಜರ್ ನಕ್ಕರು. ಆಷಾಢದಲ್ಲಿ ಛತ್ರ ಖಾಲಿ ಬಿದ್ದಿರುತ್ತದೆ, ಬಾಡಿಗೆ ಕಡಿಮೆ. ಟಿವಿಯಲ್ಲಿ ಬರುವಷ್ಟರಲ್ಲಿ ಶ್ರಾವಣ. ಲೆಕ್ಕ ಸರಿಯಾಗೇ ಇದೆ.

ಕೆಲಸ ಸಿಗುವುದು ಕೋ-ಆರ್ಡಿನೇಟರ್, ಅಂದರೆ ಸೆಟ್‌ಗೆ ಜನ ಹೊಂದಿಸಿ ಕಳಿಸುವವರ ಮೂಲಕ. ನೇರವಾಗಿ ಸೆಟ್‌ಗೆ ಹೋಗಿ "ನನ್ನನ್ನೂ ಸೇರಿಸಿಕೊಳ್ಳಿ" ಅಂದರೆ ಗೇಟ್ ಹತ್ತಿರವೇ ವಾಪಸ್ ಕಳಿಸುತ್ತಾರೆ. ವಾಟ್ಸಾಪ್‌ನಲ್ಲಿ ಒಂದೆರಡು ಫೋಟೋ ಕಳಿಸಬೇಕು, ಮೇಕಪ್ ಇಲ್ಲದೆ. ಆಮೇಲೆ ರಾತ್ರಿ ಹತ್ತು ಗಂಟೆಗೆ ಮೆಸೇಜ್ ಬರುತ್ತದೆ: ನಾಳೆ ಮದುವೆ ಸೀನ್, ಲೇಡೀಸ್ ಇಷ್ಟು, ಜೆಂಟ್ಸ್ ಇಷ್ಟು, ರೇಷ್ಮೆ ಸೀರೆ ಮೂರು ತರಬೇಕು, ಬೆಳಿಗ್ಗೆ ಏಳಕ್ಕೆ ರಿಪೋರ್ಟಿಂಗ್. ಏಳಕ್ಕೆ ಹೋದರೆ ಲೈಟಿನವರು ಇನ್ನೂ ವ್ಯಾನಿನಿಂದ ಸಾಮಾನು ಇಳಿಸುತ್ತಿರುತ್ತಾರೆ. ಮೊದಲ ಶಾಟ್ ಆಗುವುದು ಹತ್ತರ ಮೇಲೆ. ತಡವಾಗಿ ಹೋಗೋಣ ಅಂತ ಮಾತ್ರ ಲೆಕ್ಕ ಹಾಕಬೇಡಿ. ಏಳೂವರೆಗೆ ತಲೆ ಎಣಿಸುತ್ತಾರೆ, ಆಗ ಇಲ್ಲದವರಿಗೆ ಆ ದಿನದ ಸಂಬಳ ಇಲ್ಲ.

ಸೀರೆ ವಿಷಯ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ನನ್ನ ಕಸುಬು ಅಲ್ವಾ. ಬಿಳಿ ಬೇಡ, ಲೈಟ್ ಬಿದ್ದರೆ ಕ್ಯಾಮೆರಾದಲ್ಲಿ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ತೀರಾ ಸಣ್ಣ ಚೌಕಳಿ, ಸಣ್ಣ ಗೆರೆಯೂ ಬೇಡ, ಸ್ಕ್ರೀನ್ ಮೇಲೆ ಅಲೆಅಲೆಯಾಗಿ ಓಡಾಡುತ್ತದೆ. ಮದುವೆ ಸೀನ್‌ಗೆ ಕಪ್ಪು ಅಂತೂ ಬೇಡವೇ ಬೇಡ. ಹೀರೋಯಿನ್ ಉಟ್ಟ ಬಣ್ಣ ನಿಮ್ಮ ಮೈಮೇಲೆ ಇದ್ದರೆ ಹಿಂದಿನ ಸಾಲಿಗೆ ತಳ್ಳುತ್ತಾರೆ. ಮೂರು ಸೀರೆ ಯಾಕೆ ಅಂದರೆ, ಬೆಳಿಗ್ಗೆ ಹುಡುಗಿ ಕಡೆ ನೆಂಟರಾದವರು ಸಂಜೆ ಸೀರೆ ಬದಲಾಯಿಸಿ ಹುಡುಗನ ಕಡೆಯವರಾಗಬೇಕು. ಒಮ್ಮೆ ನಾನು ಎರಡೂ ಕಡೆಯ ಬೀಗಿತ್ತಿ. ಒಳ್ಳೆಯ ರೇಷ್ಮೆ ಸೀರೆ ತರಬೇಡಿ, ನೆಲದ ಮೇಲೆ ವೈರು, ಧೂಳು, ಕುಂಕುಮ ಎಲ್ಲ ಇರುತ್ತದೆ. ಆರ್ಟ್ ಸಿಲ್ಕ್ ಸಾಕು, ಒಂದು ಗ್ರಾಂ ಚಿನ್ನದ ಸರ ಸಾಕು. ಟಿವಿಯಲ್ಲಿ ಅಸಲಿ, ನಕಲಿ ಎರಡೂ ಒಂದೇ ಥರ ಮಿಂಚುತ್ತವೆ.

ಹೀರೋಯಿನ್ ಬ್ಲೌಸನ್ನು ಹತ್ತಿರದಿಂದ ನೋಡಿದೆ. ಮುಂದೆ ಆರಿ ವರ್ಕ್, ಮಣಿ, ಜರ್ದೋಸಿ, ಕಣ್ಣು ಕೋರೈಸುವಂತೆ. ಹಿಂದೆ ನೋಡಿದರೆ ಸೇಫ್ಟಿ ಪಿನ್ನಿನ ಸಾಲು! ಅಳತೆ ಸರಿ ಇರಲಿಲ್ಲ, ಹಿಡಿದು ಪಿನ್ ಹಾಕಿ ಮೇಲೆ ಸೆರಗು ಇಳಿಬಿಟ್ಟಿದ್ದರು. ಡಾರ್ಟ್, ಅಂದರೆ ಎದೆ ಹತ್ತಿರ ಹಿಡಿಯುವ ಮಡಿಕೆ, ಎರಡು ಬೆರಳು ಕೆಳಗಿತ್ತು. ನಾನು ಬಾಯಿ ಬಿಡಲಿಲ್ಲ. ಆದರೆ ಅತ್ತೆ ಪಾತ್ರದವರ ಹುಕ್ ಕಿತ್ತುಹೋದಾಗ ಕಾಸ್ಟ್ಯೂಮ್ ಹುಡುಗ ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದುದು ನೋಡಿ ಸುಮ್ಮನಿರಲು ಆಗಲಿಲ್ಲ. ಅವರನ್ನು ನಿಲ್ಲಿಸಿಕೊಂಡೇ ನಾಲ್ಕು ಹೊಲಿಗೆ ಹಾಕಿ, ದಾರ ಹಲ್ಲಲ್ಲಿ ಕಡಿದು ಕೊಟ್ಟೆ. ಆಮೇಲೆ ಇಡೀ ದಿನ ನನಗೆ ಕಾಫಿ ಮೊದಲ ಸುತ್ತಿನಲ್ಲೇ ಬಂತು. ಜೂನಿಯರ್‌ಗಳಿಗೆ ಸಾಮಾನ್ಯವಾಗಿ ಕೊನೆಯ ಸುತ್ತು, ತಣ್ಣಗಿನ ಕಾಫಿ.

ಇನ್ನು ಕೆಲಸ. ಮುಹೂರ್ತದ ಸೀನ್‌ನಲ್ಲಿ ಓಲಗದವರು ಕೆನ್ನೆ ಉಬ್ಬಿಸುತ್ತಾರೆ, ಶಬ್ದ ಬರುವುದಿಲ್ಲ. ಡೋಲಿನವರ ಕೈ ಚರ್ಮದ ಹತ್ತಿರ ಬಂದು ನಿಲ್ಲುತ್ತದೆ. ಮಾತನ್ನು ಅಲ್ಲೇ ಮೈಕಿನಲ್ಲಿ ಹಿಡಿಯುತ್ತಾರೆ, ವಾದ್ಯ ಆಮೇಲೆ ಎಡಿಟಿಂಗ್‌ನಲ್ಲಿ ಸೇರುತ್ತದೆ. ಹಾಗಾಗಿ ನಾವೂ ಪಕ್ಕದವರ ಜೊತೆ ಬರೀ ತುಟಿ ಆಡಿಸಿ ನಗಬೇಕು. ಫ್ಯಾನ್ ಆಫ್, ಮೇಲೆ ಲೈಟು, ಮೈತುಂಬ ಸೀರೆ. ಹೀರೋಯಿನ್ ಬೆವರಿದರೆ ಟಿಶ್ಯೂ ಹಿಡಿದು ಓಡಿಬರುತ್ತಾರೆ, ನಮಗೆ ನಮ್ಮ ಸೆರಗು.

ತಾಳಿ ಕಟ್ಟುವ ಹೊತ್ತಿಗೆ ಬಾಗಿಲಲ್ಲಿ ಯಾರೋ "ನಿಲ್ಸಿ!" ಅನ್ನುತ್ತಾರೆ. ಸೀರಿಯಲ್ ನೋಡುವವರಿಗೆಲ್ಲ ಗೊತ್ತಿರುವ ನಿಲ್ಸಿ. ಟಿವಿಯಲ್ಲಿ ಒಂದು ನಿಮಿಷ, ನಮಗೆ ಒಂದು ಮಧ್ಯಾಹ್ನ. ಮೊದಲು ಎಲ್ಲರೂ ಕಾಣುವ ಮಾಸ್ಟರ್ ಶಾಟ್. ಎಲ್ಲ ಒಟ್ಟಿಗೆ ಎದ್ದು ಬಾಗಿಲ ಕಡೆ ತಿರುಗಬೇಕು. ಆಮೇಲೆ ಹುಡುಗಿಯ ಕ್ಲೋಸ್, ಹುಡುಗನ ಕ್ಲೋಸ್, ಅಪ್ಪ, ಅಮ್ಮ, ಅತ್ತೆ, ನಾದಿನಿ, ಒಬ್ಬೊಬ್ಬರ ಗಾಬರಿಗೂ ಒಂದೊಂದು ಶಾಟ್. ಪ್ರತಿ ಸಲವೂ ಹಿಂದೆ ಮಸುಕಾಗಿ ಕಾಣುವ ನಾವು ಎದ್ದು ನಿಂತಿರಬೇಕು, ಅದೇ ಜಾಗದಲ್ಲಿ, ಅಕ್ಷತೆ ಅದೇ ಕೈಯಲ್ಲಿ. ಬಲಗೈಯಲ್ಲಿದ್ದ ಅಕ್ಷತೆ ಎಡಗೈಗೆ ಹೋದರೆ ಅಸಿಸ್ಟೆಂಟ್ ಡೈರೆಕ್ಟರ್ ಹುಡುಗಿ ಮೊಬೈಲಿನ ಫೋಟೋ ತೋರಿಸಿ, "ಆಂಟಿ, ಕಂಟಿನ್ಯುಟಿ!" ಅನ್ನುತ್ತಾಳೆ. ಕೆಳಗೆ ಬಿದ್ದ ಅಕ್ಷತೆಯನ್ನು ಆರ್ಟ್ ಡಿಪಾರ್ಟ್‌ಮೆಂಟಿನ ಹುಡುಗ ಗುಡಿಸಿ ಅದೇ ತಟ್ಟೆಗೆ ಹಾಕುತ್ತಾನೆ. ಸಂಜೆ ಹೊತ್ತಿಗೆ ಅದರಲ್ಲಿ ಅಕ್ಕಿಗಿಂತ ಕೂದಲು, ಹೂವಿನ ಎಸಳು ಜಾಸ್ತಿ. ಅದನ್ನೇ ವಧೂವರರ ತಲೆ ಮೇಲೆ ಹಾಕಿ ಹರಸಿದೆವು.

ಊಟ ಚೆನ್ನಾಗಿದೆ. ಬೆಳಿಗ್ಗೆ ಇಡ್ಲಿ, ಚಿತ್ರಾನ್ನ, ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು, ಅನ್ನ, ಮಜ್ಜಿಗೆ. ಬಿಸಿಯಾಗಿರುತ್ತದೆ, ಎರಡನೇ ಸಲ ಕೇಳಿದರೂ ಮುಖ ಗಂಟು ಹಾಕುವುದಿಲ್ಲ. ಆದರೆ ಶಾಟ್‌ನಲ್ಲಿ ಬಾಳೆಲೆ ಮೇಲೆ ಬಡಿಸುವ ಊಟಕ್ಕೆ ಕೈ ಹಾಕಬೇಡಿ. ಹೋಳಿಗೆ ಕರಗಿದರೆ ಮುಂದಿನ ಶಾಟ್‌ಗೆ ಹೊಂದುವುದಿಲ್ಲ. ಅನ್ನ ಕಲಸುತ್ತಾ ಕೂತಿರಬೇಕು, ಬಾಯಿಗೆ ತುತ್ತು ಹೋಗುವ ಹಾಗಿಲ್ಲ.

ನನ್ನ ಜೊತೆ ಕೂತಿದ್ದ ಹಿರಿಯ ಹೆಂಗಸು ಇದೇ ಕೆಲಸದಲ್ಲಿ ಮಗನನ್ನು ಓದಿಸಿದವರು. 2020ರ ಲಾಕ್‌ಡೌನ್ ಕಥೆ ಅವರೇ ಹೇಳಿದ್ದು. ಶೂಟಿಂಗ್ ನಿಂತಿತು, ಟಿವಿಯಲ್ಲಿ ಬೇರೆ ಭಾಷೆಯ ಸೀರಿಯಲ್‌ಗಳು ಕನ್ನಡಕ್ಕೆ ಡಬ್ ಆಗಿ ಬಂದವು. ಮತ್ತೆ ಶುರುವಾದಾಗಲೂ ಸೆಟ್‌ನಲ್ಲಿ ಜನ ಕಡಿಮೆ ಇರಬೇಕು ಅನ್ನುವ ನಿಯಮ. ಕಥೆಯಲ್ಲಿ ಮದುವೆ ಇತ್ತಂತೆ, ನೆಂಟರೇ ಇಲ್ಲ. "ಹೀರೋಯಿನ್ ಇಲ್ದೆ ಮದುವೆ ತೆಗೆಯಕ್ಕಾಗಲ್ಲ ಕಣಮ್ಮ, ನಾವಿಲ್ದೆ ತೆಗೀತಾರೆ" ಅಂದರು. ಡಬ್ಬಿಂಗ್ ಬೇಕೋ ಬೇಡವೋ ಅಂತ ನಡೆಯುವ ಜಗಳದಲ್ಲಿ ಇಂಥವರ ಮಾತು ನಾನಂತೂ ಎಲ್ಲೂ ಕೇಳಿಲ್ಲ.

ಈಗ ಕಳೆದ ಸ್ಟಾರ್‌ಗಳು. ಒಂದು, ದುಡ್ಡು. ದಿನಕ್ಕೆ 800 ಅಂತ ಮಾತು, ಅದರಲ್ಲಿ ಕೋ-ಆರ್ಡಿನೇಟರ್ 100 ಹಿಡಿದುಕೊಳ್ಳುತ್ತಾರೆ. ಹಿಡಿಯಲಿ, ಕೆಲಸ ಕೊಡಿಸಿದ್ದಾರೆ. ಉಳಿದದ್ದು ತಿಂಗಳಿಗೆ ಕೊಡುತ್ತೇನೆ ಅಂದವರು ಮಹಾಲಯ ಅಮಾವಾಸ್ಯೆ ಆದ ಮೇಲೆ ಕೊಟ್ಟರು, ಅದೂ ಎರಡು ಕಂತಿನಲ್ಲಿ. ಕೇಳಿದರೆ "ಪ್ರೊಡಕ್ಷನ್‌ನವರು ಕೊಟ್ಟಿಲ್ಲ ಮೇಡಂ". ನಾನು ಬ್ಲೌಸ್ ಹೊಲಿದು, ಸೀರಿಯಲ್ ಮುಗಿದ ಮೇಲೆ ಕೊಡುತ್ತೇನೆ ಅಂದರೆ ಯಾವ ಗಿರಾಕಿ ಒಪ್ಪುತ್ತಾಳೆ? ನಾವು ಏಳಕ್ಕೇ ಹೋಗಿದ್ದರೂ ಕಾಲ್‌ಶೀಟ್, ಅಂದರೆ ಲೆಕ್ಕಕ್ಕೆ ಹಿಡಿಯುವ ಕೆಲಸದ ಹೊತ್ತು, ಒಂಬತ್ತರಿಂದ ಒಂಬತ್ತು. ಅದು ಹತ್ತೂವರೆಗೆ ಎಳೆದರೂ ಮೇಲಿನ ಹೊತ್ತಿಗೆ ಒಂದು ಪೈಸೆ ಇಲ್ಲ. ಹೋಗುವಾಗ ಪರವಾಗಿಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಿದ್ದರಿಂದ ಹೆಂಗಸರಿಗೆ ಬಿಎಂಟಿಸಿ ಸಾಮಾನ್ಯ ಬಸ್ ಫ್ರೀ. ಆದರೆ ಕುಂಬಳಗೋಡು ಆಚೆ ಛತ್ರದಿಂದ ರಾತ್ರಿ ಹೊರಟವರಿಗೆ ಬಸ್ ಎಲ್ಲಿದೆ? ಐದು ಜನ ಸೇರಿ ಆಟೋ ಮಾಡಿಕೊಂಡು ಬಂದೆವು. ಅವತ್ತಿನ ಸಂಬಳದಲ್ಲಿ ಅದೂ ಹೋಯಿತು.

ಎರಡು, ಬಟ್ಟೆ ಬದಲಾಯಿಸುವ ಜಾಗ ಮತ್ತು ಟಾಯ್ಲೆಟ್. ಮುಖ್ಯ ಪಾತ್ರದವರಿಗೆ ಕ್ಯಾರವಾನ್ ಇತ್ತು. ನಮಗೆ ಸ್ಟೋರ್ ರೂಮಿನ ಬಾಗಿಲಿಗೆ ಕಟ್ಟಿದ ಒಂದು ಬೆಡ್‌ಶೀಟ್, ಆಚೆ ಕಡೆ ಲೈಟ್ ಸ್ಟ್ಯಾಂಡ್ ಎತ್ತಿಕೊಂಡು ಓಡಾಡುವ ಗಂಡಸರು. ಒಬ್ಬಳು ಬದಲಾಯಿಸುವಾಗ ಇನ್ನಿಬ್ಬರು ಬೆಡ್‌ಶೀಟ್ ಹಿಡಿದು ನಿಲ್ಲುತ್ತಿದ್ದೆವು. ಟಾಯ್ಲೆಟ್ ಹೆಂಗಸರಿಗೆಲ್ಲ ಸೇರಿ ಒಂದೇ, ಮಧ್ಯಾಹ್ನದ ಮೇಲೆ ನೀರೂ ಇರಲಿಲ್ಲ. ಅದಕ್ಕೇ ಎಷ್ಟೋ ಜನ ನೀರು ಕುಡಿಯುವುದನ್ನೇ ಬಿಟ್ಟಿರುತ್ತಾರೆ. ಇದಕ್ಕೆ ನಾನು ಅರ್ಧ ಸ್ಟಾರೂ ಕೊಡುವುದಿಲ್ಲ.

ಮಕ್ಕಳನ್ನು ಕರೆದುಕೊಂಡು ಹೋಗುವ ತಾಯಂದಿರಿಗೆ ಒಂದು ಮಾತು. ಆರೇಳು ವರ್ಷದ ಒಂದು ಮಗು ಬೆಳಿಗ್ಗೆಯಿಂದ ಲಂಗ ಬ್ಲೌಸ್‌ನಲ್ಲೇ ಇದ್ದು, ರಾತ್ರಿ ಎಂಟಕ್ಕೆ ಎರಡು ಪ್ಲಾಸ್ಟಿಕ್ ಕುರ್ಚಿ ಜೋಡಿಸಿಕೊಂಡು ಮಲಗಿತ್ತು. ಶಾಟ್ ಬಂದಾಗ ಎಬ್ಬಿಸಿದರು, ಅತ್ತಿತು. ಕಾನೂನಿನ ಪ್ರಕಾರ ಮಕ್ಕಳನ್ನು ದಿನಕ್ಕೆ 5 ಗಂಟೆಗಿಂತ ಜಾಸ್ತಿ ದುಡಿಸುವ ಹಾಗಿಲ್ಲ, ವಿರಾಮ ಕೊಡದೆ 3 ಗಂಟೆ ದಾಟುವ ಹಾಗಿಲ್ಲ. 2017ರಿಂದ ಈ ನಿಯಮ ಇದೆ. ಅದು ಹಿಂದೆ ಓಡಾಡುವ ಮಗುವಿಗೂ ಅನ್ವಯ. ಆ ತಾಯಿಗೆ ಗೊತ್ತಿರಲಿಲ್ಲ, ಸೆಟ್‌ನವರಿಗೆ ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ.

ಪ್ರಸಾರ ಆದಾಗ ನೋಡಿದೆ. ನಾದಿನಿಯ ಕಿವಿ ಪಕ್ಕದಲ್ಲಿ ನನ್ನ ಹಸಿರು ಸೀರೆಯ ಭುಜ ಇತ್ತು. ಬ್ಲೌಸ್ ತೋಳು ಚೆನ್ನಾಗಿ ಕೂತಿತ್ತು, ನಾನೇ ಹೊಲಿದದ್ದು.

ಮುಂದಿನ ಆಷಾಢಕ್ಕೂ ಹೋಗುತ್ತೇನೆ, ಬೇರೆ ಕೋ-ಆರ್ಡಿನೇಟರ್ ಜೊತೆ. ನೀವೂ ಹೋಗುವುದಾದರೆ ಫೋನಿನಲ್ಲೇ ಮೂರು ವಿಷಯ ಕೇಳಿ: ದುಡ್ಡು ಅವತ್ತೇ ಕೊಡುತ್ತಾರಾ, ಬಟ್ಟೆ ಬದಲಾಯಿಸಲು ಬಾಗಿಲಿರುವ ರೂಮ್ ಇದೆಯಾ, ರಾತ್ರಿ ಲೇಟ್ ಆದರೆ ಮೆಟ್ರೋವರೆಗಾದರೂ ಡ್ರಾಪ್ ಇದೆಯಾ. ಈ ಪ್ರಶ್ನೆಗೆ ಸಿಡುಕುವವರ ಹತ್ತಿರ ಹೋಗಬೇಡಿ. ಕಾರ್ಡ್ ಮಾಡಿಸಬೇಕು, ಪೋರ್ಟ್‌ಫೋಲಿಯೋ ಅಂತ ಫೋಟೋ ಆಲ್ಬಮ್ ತೆಗೆಸಬೇಕು, ಮೊದಲು ಇಷ್ಟು ಸಾವಿರ ಹಾಕಿ ಅನ್ನುವವರ ನಂಬರ್ ಅಲ್ಲೇ ಬ್ಲಾಕ್ ಮಾಡಿ. ಮದುವೆ ಊಟಕ್ಕೆ ಕೂರಲು ಪೋರ್ಟ್‌ಫೋಲಿಯೋ ಯಾಕೆ?