ಹಸಿರು ಮುಚ್ಚಳದ ಪುಟ್ಟ ಬಾಟಲಿ

ಟಿಳಕವಾಡಿಯ ನಮ್ಮ ಮನೆಯಲ್ಲಿ ಮಳೆಗಾಲದ ಸಂಜೆಗಳು 1/72 ಅಳತೆಯ ಸ್ಪಿಟ್‌ಫೈರ್ ಯುದ್ಧವಿಮಾನದ ಪ್ಲಾಸ್ಟಿಕ್ ಮಾದರಿ ಜೋಡಿಸುವುದರಲ್ಲೇ ಕಳೆದವು. ಮೊದಲು ಟ್ಯೂಬಿನ ಗಟ್ಟಿ ಅಂಟು ಬಳಸಿದ್ದೆ; ರೆಕ್ಕೆಯ ಮೇಲೆ ನನ್ನ ಹೆಬ್ಬೆರಳಿನ ಗುರುತು ಇಂದಿಗೂ ಅಚ್ಚೊತ್ತಿದಂತಿದೆ. ಈಗ ಜಪಾನಿನ ಮಾದರಿ ತಯಾರಕ ಕಂಪನಿ ಟಾಮಿಯಾದ ಎಕ್ಸ್‌ಟ್ರಾ ಥಿನ್ ಸಿಮೆಂಟ್ ಎಂಬ ತೆಳು ಅಂಟು ತರಿಸಿಕೊಂಡಿದ್ದೇನೆ. 40 ಮಿ.ಲೀ. ಬಾಟಲಿ, ಮುಚ್ಚಳದಲ್ಲೇ ಸಣ್ಣ ಕುಂಚ. ಎರಡು ಭಾಗಗಳನ್ನು ಒತ್ತಿ ಹಿಡಿದು ಸಂದಿಗೆ ಕುಂಚದ ತುದಿ ತಾಗಿಸಿದರೆ ಸಾಕು, ನೀರು ಬತ್ತಿಯಲ್ಲಿ ಏರುವಂತೆ ದ್ರವ ಗೆರೆಯುದ್ದಕ್ಕೂ ಓಡುತ್ತದೆ. ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಎಂಥ ಹಿತವಾದ ನೋಟ! ಕಾಕ್‌ಪಿಟ್‌ನ ಪಾರದರ್ಶಕ ಹೊದಿಕೆಗೆ ಮಾತ್ರ ಇದು ಬೇಡ, ಮಂಜಾಗುತ್ತದೆ. ಅಲ್ಲಿಗೆ ಬಿಳಿ ಪಿವಿಎ ಅಂಟೇ ಸರಿ. ವಾಸನೆ ಘಾಟು. ಬೆಳಗಾವಿಯ ಜಡಿಮಳೆಯಲ್ಲೂ ಕಿಟಕಿ ತೆರೆದಿಟ್ಟೇ ಕೂರುತ್ತೇನೆ. ಮುಂದಿನ ಬಾಟಲಿಗೂ ಹೇಳಿಯಾಗಿದೆ.