ಹಂಪನಕಟ್ಟೆಯಿಂದ ತಂದ ಬ್ಲೂಟೂತ್ ಸ್ಪೀಕರ್: ಚಾವಡಿಗೆ ಓಕೆ, ಅಡಿಗೆಕೋಣೆಗೆ ಆಗ್ಲಿಕ್ಕಿಲ್ಲ

ಅಜ್ಜಿಗೆ ಯಕ್ಷಗಾನ ಕೇಳ್ಲಿಕ್ಕೆ ಅಂತ ಹೋದ ತಿಂಗಳು ಹಂಪನಕಟ್ಟೆಯ ಒಂದು ಅಂಗಡಿಯಿಂದ 1,450 ರೂಪಾಯಿಯ ಸಣ್ಣ ಬ್ಲೂಟೂತ್ ಸ್ಪೀಕರ್ ತಂದೆ. ಸೌಂಡಿಗೆ ಮೋಸ ಇಲ್ಲ, ಭಾಗವತರ ಸ್ವರ, ಮದ್ದಲೆ ಎಲ್ಲ ಕ್ಲಿಯರ್, ಚೆಂಡೆ ಜೋರಾದ್ರೆ ಮಾತ್ರ ಡಬ್ಬ ಬಡಿದ ಹಾಗೆ ಒಡೀತದೆ. ಬಾಕ್ಸಲ್ಲಿ ಬ್ಯಾಟರಿ 10 ಗಂಟೆ ಅಂತ ಉಂಟು, ನಂಗೆ ಸಿಕ್ಕಿದ್ದು ಆರೂವರೆ.

ಆನ್ ಮಾಡಿದ ಕೂಡ್ಲೆ ಒಂದು ಹೆಂಗಸು "ಬ್ಲೂಟೂತ್ ಕನೆಕ್ಟೆಡ್" ಅಂತ ಬೊಬ್ಬೆ ಹಾಕ್ತಾಳೆ, ಅದನ್ನು ಕಮ್ಮಿ ಮಾಡ್ಲಿಕ್ಕೂ ಆಗುದಿಲ್ಲ ಮಾರ್ರೆ. ಅವ್ಳು ಎಂತ ಹೇಳುದು ಅಂತ ಅಜ್ಜಿ ಕೇಳಿದ್ರು. ನೀಲಿ ಹಲ್ಲು ಅಂದೆ. "ಎಲೆಅಡಿಕೆ ತಿಂದ್ರೆ ಕೆಂಪಾಗ್ತದೆ, ಇದೆಂತ ನೇರಳೆಹಣ್ಣು ತಿಂದದ್ದಾ?"

ನಗಬೇಡಿ, ನಿಜವಾಗ್ಲೂ ಅಂಥದ್ದೇ ಕಥೆ ಉಂಟು. ಸಾವಿರ ವರ್ಷ ಹಿಂದೆ ಡೆನ್ಮಾರ್ಕಲ್ಲಿ ಹರಾಲ್ಡ್ ಅಂತ ರಾಜ, ಅವನ ಅಡ್ಡಹೆಸರೇ ನೀಲಿಹಲ್ಲು, ಬ್ಲೂಬೆರ್ರಿ ತಿಂದು ಆದದ್ದು ಅಂತ ಕೆಲವರು, ಹಲ್ಲು ಸತ್ತು ಕಪ್ಪಾದದ್ದು ಅಂತ ಕೆಲವರು, ನಂಗೆ ಎರಡನೇದ್ದೇ ಸರಿ ಕಾಣ್ತದೆ. ಇಡೀ ಡೆನ್ಮಾರ್ಕು, ನಾರ್ವೆ ಗೆದ್ದೆ ಅಂತ ಯೆಲ್ಲಿಂಗ್ ಅನ್ನುವ ಊರಲ್ಲಿ ಕಲ್ಲಲ್ಲಿ ಕೆತ್ತಿಸಿಟ್ಟಿದ್ದಾನೆ, ನಮ್ಮ ಶಾಸನದ ಹಾಗೆ. 1997ರಲ್ಲಿ ಇಂಟೆಲ್‌ನ ಜಿಮ್ ಕಾರ್ಡಾಕ್, ಫೋನು ಕಂಪ್ಯೂಟರನ್ನು ವಯರ್ ಇಲ್ಲದೆ ಕೂಡಿಸುದಲ್ವಾ, ಸದ್ಯಕ್ಕೆ ಇವನ ಹೆಸರೇ ಇರ್ಲಿ ಅಂದ. ಆಮೇಲೆ ಇಡ್ಲಿಕ್ಕೆ ಪ್ಯಾನ್ (ಪರ್ಸನಲ್ ಏರಿಯಾ ನೆಟ್‌ವರ್ಕ್), ರೇಡಿಯೋವಯರ್ ಅಂತ ಎರಡು ಹೆಸರು ರೆಡಿ ಇತ್ತು, ಒಂದು ಆಗ್ಲೇ ಎಲ್ಲರೂ ಬಳಸ್ತಿದ್ದ ಪದ, ಇನ್ನೊಂದರ ಟ್ರೇಡ್‌ಮಾರ್ಕ್ ಚೆಕ್ಕಿಂಗ್ ಟೈಮಿಗೆ ಮುಗೀಲಿಲ್ಲ, ಕಡೆಗೆ ಸದ್ಯದ್ದೇ ಖಾಯಂ ಆಯ್ತು. ಮನೆಯಲ್ಲಿ ಪುಟ್ಟ ಅಂತ ಕರೆದವ ಐವತ್ತಾದ್ರೂ ಪುಟ್ಟನೇ ಅಲ್ವಾ, ಹಾಗೆ. ಬಟನ್ ಮೇಲಿನ ಗುರ್ತು ಕೂಡ ಅವನ ಹೆಸರಿನ ಎರಡು ಹಳೇ ರೂನ್ ಅಕ್ಷರ, ಒಂದಕ್ಕೊಂದು ಅಂಟಿಸಿದ್ದು.

ಅವ ಎರಡು ದೇಶ ಕೂಡಿಸಿದ, ಈ ಸ್ಪೀಕರಿಗೆ ನಮ್ಮ ಚಾವಡಿ ಅಡಿಗೆಕೋಣೆ ಕೂಡಿಸ್ಲಿಕ್ಕೆ ಆಗುದಿಲ್ಲ! ಫೋನ್ ಚಾವಡಿಯಲ್ಲಿ ಚಾರ್ಜಿಗಿಟ್ಟು ಇದನ್ನು ಒಳಗೆ ತಕೊಂಡು ಹೋದ್ರೆ ನಡುವಿನ ಕೆಂಪುಕಲ್ಲಿನ ಗೋಡೆ ದಾಟುವಾಗ್ಲೇ ಕಟ್ ಕಟ್, ಮೈಕ್ರೋವೇವ್ ಹಾಕಿದ್ರೆ ಮತ್ತೆ ಕೇಳ್ಬೇಡಿ, ಮೈಕ್ರೋವೇವ್, ಬ್ಲೂಟೂತ್ ಎರಡೂ ಹತ್ರಹತ್ರ ಅದೇ 2.4 ಗಿಗಾಹರ್ಟ್ಸ್ ಅಲೆಯಲ್ಲಿ ಓಡುದು. ಬದಲಿಸಿ ಕೊಡಿ ಅಂತ ಹೋದೆ, ಬಾಕ್ಸ್ ಒಡೆದ ಮೇಲೆ ಆಗುದಿಲ್ಲ ಅಣ್ಣ ಅಂದ್ರು.

ಈಗ ಅಜ್ಜಿಯೇ ಮೆಟ್ಟುಕತ್ತಿ ತಕೊಂಡು ಚಾವಡಿಗೆ ಬಂದು ಬಸಳೆ ಹೆಚ್ಚುದು. 3 ಸ್ಟಾರ್. ಫೋನಿಗೆ ಸಿಕ್ಕಿಸ್ಲಿಕ್ಕೆ ಒಂದು ಆಕ್ಸ್ ವಯರ್ ಆದ್ರೂ ಕೊಟ್ಟಿದ್ರೆ 4 ಕೊಡ್ತಿದ್ದೆ.